ನೀಲಿ ಹಕ್ಕಿಯ ಕೊನೆಯ ದೃಶ್ಯ: ಒಂದು ನಾಟಕ, ಮೂರು ಚಲನಚಿತ್ರಗಳು

ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆ ನಮ್ಮಲ್ಲಿ ಹಳೆಯದು. ತನ್ನ ನಾಭಿಯಲ್ಲೇ ಇರುವ ಪರಿಮಳವನ್ನು ಕಾಡೆಲ್ಲ ಹುಡುಕುವ ಕಸ್ತೂರಿ ಮೃಗದ ಉಪಮೆ ಇನ್ನೂ ಹಳೆಯದು. ಪಾಶ್ಚಾತ್ಯ ಜಗತ್ತಿನಲ್ಲಿ ಇದೇ ಅರ್ಥವನ್ನು ಹೇಳಬೇಕಾದಾಗ ಕಳೆದ ನೂರು ವರ್ಷಗಳಿಂದ ಬಳಕೆಯಲ್ಲಿರುವ ಸಂಕೇತ ‘ನೀಲಿ ಹಕ್ಕಿ’. ಬಡ ಮರಕಡಿಯುವವನ ಇಬ್ಬರು ಮಕ್ಕಳು ಸುಖದ ನೀಲಿ ಹಕ್ಕಿಯನ್ನು ಅರಸಿ ಭೂತ, ಭವಿಷ್ಯತ್ತುಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಬಂದು ನೋಡಿದರೆ ತಮ್ಮ ಮನೆಯ ಪಂಜರದಲ್ಲಿದ್ದ ಹಕ್ಕಿಯೇ ನೀಲಿಯಾಗಿರುತ್ತದೆ. ಸುಖವು ಮನೆಯಲ್ಲೇ ಇದೆಯೆಂಬ ನೀತಿಯೊಂದಿಗೆ ಕಥೆ ಮುಗಿಯಿತೆಂದು ಬಹುತೇಕರು ಭಾವಿಸಿದ್ದಾರೆ.

ಆದರೆ ಮೂಲ ನಾಟಕವು ಅಲ್ಲಿಗೆ ಮುಗಿಯುವುದಿಲ್ಲ. ಮನೆಯಲ್ಲಿ ಸಿಕ್ಕ ಆ ಹಕ್ಕಿಯೂ ಹಾರಿಹೋಗುತ್ತದೆ. ಈ ಒಂದು ಸಂಗತಿಯನ್ನು ಕೈದೀಪವಾಗಿ ಹಿಡಿದು ನೋಡಿದರೆ ನಾಟಕದಿಂದ ಹುಟ್ಟಿದ ಚಲನಚಿತ್ರಗಳ ಚರಿತ್ರೆಯು, ಅದರಲ್ಲೂ 1940ರಲ್ಲಿ ಶರ್ಲಿ ಟೆಂಪಲ್ ಎಂಬ ಬಾಲನಟಿ ಅಭಿನಯಿಸಿದ ಪ್ರಸಿದ್ಧ ಚಿತ್ರದ ಚರಿತ್ರೆಯು, ಬೇರೆಯೇ ಬಗೆಯಲ್ಲಿ ಕಾಣಿಸುತ್ತದೆ. ಒಂದು ಕೃತಿಯ ಉಪದೇಶವೆಂದು ನಾವು ನಂಬಿರುವುದು ಎಷ್ಟೋ ವೇಳೆ ಆ ಕೃತಿಯದಾಗಿರದೆ ಅದನ್ನು ಕೈಗೆತ್ತಿಕೊಂಡ ಕಾಲದ್ದಾಗಿರುತ್ತದೆ.

ನಾಟಕಕಾರ ಮಾರಿಸ್ ಮೇಟರ್‌ಲಿಂಕ್ 1862ರ ಆಗಸ್ಟ್ 29ರಂದು ಬೆಲ್ಜಿಯಂನ ಗೆಂಟ್ ನಗರದಲ್ಲಿ ಜನಿಸಿದ. ನಾಡು ಫ್ಲೆಮಿಶ್ ಜನರದ್ದು, ಮನೆಮಾತು ಫ್ರೆಂಚ್. ಜೆಸ್ವಿಟರ ಶಾಲೆಯಲ್ಲಿ ಓದಿ, ಕಾನೂನು ವ್ಯಾಸಂಗ ಮಾಡಿ, ವಕೀಲಿಯಲ್ಲಿ ಮನಸ್ಸು ನಿಲ್ಲದೆ ಸಾಹಿತ್ಯಕ್ಕೆ ಬಂದವನು. 1890ರಲ್ಲಿ ಪ್ಯಾರಿಸ್ಸಿನ ‘ಫಿಗಾರೊ’ ಪತ್ರಿಕೆಯಲ್ಲಿ ಆಕ್ಟೇವ್ ಮಿರ್ಬೊ ಎಂಬ ವಿಮರ್ಶಕ ಇವನ ಮೊದಲ ನಾಟಕವನ್ನು ಮುಕ್ತಕಂಠದಿಂದ ಹೊಗಳಿದ್ದರಿಂದ ಒಂದೇ ದಿನದಲ್ಲಿ ಪ್ರಸಿದ್ಧನಾದ. ಆ ಕಾಲದ ಅವನ ನಾಟಕಗಳಲ್ಲಿ ಮೃತ್ಯುವೇ ಮುಖ್ಯ ಪಾತ್ರ; ಮನುಷ್ಯರು ಕತ್ತಲೆಯಲ್ಲಿ ಕಾಯುತ್ತಾ ಕುಳಿತವರು. 1901ರಲ್ಲಿ ಪ್ರಕಟವಾದ ‘ಜೇನ್ನೊಣಗಳ ಜೀವನ’ದಲ್ಲಿ ಮಾತ್ರ ಅವನ ನೋಟ ಸ್ವಲ್ಪ ಬೆಳಕಿನತ್ತ ತಿರುಗಿತು. ಮೃತ್ಯುವಿನ ಕವಿಯೊಬ್ಬನು ಮಕ್ಕಳಿಗಾಗಿ ಬರೆದ ನಾಟಕ ‘ನೀಲಿ ಹಕ್ಕಿ’ ಎಂಬುದನ್ನು ಮರೆತರೆ ಅದರ ಅರ್ಧ ಭಾಗ ನಮ್ಮ ಕೈತಪ್ಪುತ್ತದೆ. ನಮ್ಮ ಟಾಗೋರರ ‘ಡಾಕ್‌ಘರ್’ ನಾಟಕವನ್ನು ಪಶ್ಚಿಮದ ವಿಮರ್ಶಕರು ಇವನ ನಾಟಕಗಳೊಡನೆ ಹೋಲಿಸಿದ್ದೂ ಇಂಥ ಕಾರಣದಿಂದಲೇ. ಇವನಿಗೆ ನೊಬೆಲ್ ಬಂದದ್ದು 1911ರಲ್ಲಿ, ಟಾಗೋರರಿಗೆ 1913ರಲ್ಲಿ.

ಫ್ರೆಂಚಿನಲ್ಲಿ ರಚಿತವಾದ ಈ ನಾಟಕ ಮೊದಲು ರಂಗವೇರಿದ್ದು ರಷ್ಯನ್ ಭಾಷೆಯಲ್ಲಿ, 1908ರಲ್ಲಿ, ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ. ಪ್ಯಾರಿಸ್ಸಿನಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದದ್ದು ಅದರ ಮರುವರ್ಷ. ಕಾನ್‌ಸ್ಟಂಟೀನ್ ಸ್ಟಾನಿಸ್ಲಾವ್‌ಸ್ಕಿ ಇದನ್ನು ನಿರ್ದೇಶಿಸಿದ. ಟಾಲ್‌ಸ್ಟಾಯ್‌ನ ಅನುಯಾಯಿಯಾಗಿದ್ದ ಸುಲೆರ್‌ಜಿತ್‌ಸ್ಕಿ ಅವನಿಗೆ ಜೊತೆಯಾದ. ಸಂಗೀತ ಇಲ್ಯಾ ಸಾಟ್ಸ್‌ನದು. ವಸ್ತುಗಳು ಕಣ್ಣೆದುರೇ ಮಾಯವಾಗುವಂತೆ, ಮೂಡಿಬರುವಂತೆ ತೋರಿಸಲು ಸ್ಟಾನಿಸ್ಲಾವ್‌ಸ್ಕಿ ಕಪ್ಪು ಮಖಮಲ್ಲಿನ ತಂತ್ರವನ್ನು ಬಳಸಿದ. ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ಬಟ್ಟೆಯುಟ್ಟ ನಟ ಕಾಣಿಸುವುದಿಲ್ಲವೆಂಬುದಷ್ಟೇ ಅದರ ಗುಟ್ಟು. ಮಾಸ್ಕೋದ ಆ ಪ್ರಯೋಗ ಕ್ರಾಂತಿಯನ್ನೂ ಎರಡು ಮಹಾಯುದ್ಧಗಳನ್ನೂ ದಾಟಿ ಹಲವು ತಲೆಮಾರಿನ ರಷ್ಯನ್ ಮಕ್ಕಳ ನೆನಪಾಗಿ ಉಳಿಯಿತು.

ಇನ್ನು ನಾಟಕದ ವಸ್ತುವಿಗೆ ಬರೋಣ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಟಿಲ್ಟಿಲ್ ಎಂಬ ಹುಡುಗನೂ ಅವನ ತಂಗಿ ಮಿಟಿಲಳೂ ಕಿಟಕಿಯ ಬಳಿ ನಿಂತು ಎದುರುಮನೆಯ ಶ್ರೀಮಂತ ಮಕ್ಕಳ ಔತಣವನ್ನು ನೋಡುತ್ತಾರೆ. ತಮಗೆ ಸಿಗದ ತಿಂಡಿಯನ್ನು ಸಿಕ್ಕಂತೆ ಭಾವಿಸಿ ಆಡಿಕೊಂಡು ನಲಿಯುತ್ತಾರೆ. ಅಸೂಯೆಯ ಲವಲೇಶವೂ ಅವರಲ್ಲಿಲ್ಲ. ಆಗ ಬೆರಿಲೂನ್ ಎಂಬ ಮಾಯಾವಿನಿ ಬರುತ್ತಾಳೆ. ಅವಳ ಮಗಳು ಕಾಯಿಲೆಯಿಂದ ಮಲಗಿದ್ದಾಳೆ, ಅವಳಿಗಾಗಿ ನೀಲಿ ಹಕ್ಕಿ ಬೇಕು. ಇದನ್ನು ಗಮನಿಸಬೇಕು: ಮಕ್ಕಳು ಹೊರಡುವುದು ತಮ್ಮ ಸುಖವನ್ನು ಹುಡುಕಲಿಕ್ಕಲ್ಲ, ಯಾರದೋ ಕಾಯಿಲೆಯ ಮಗುವಿನ ಸುಖಕ್ಕಾಗಿ. ಮಾಯಾವಿನಿ ಕೊಟ್ಟ ಟೊಪ್ಪಿಗೆಯ ವಜ್ರವನ್ನು ತಿರುಗಿಸಿದೊಡನೆ ಮನೆಯೊಳಗಿನ ರೊಟ್ಟಿ, ಸಕ್ಕರೆ, ಹಾಲು, ನೀರು, ಬೆಂಕಿಗಳ ಆತ್ಮಗಳು ಹೊರಬರುತ್ತವೆ. ನಾಯಿ ಬೆಕ್ಕುಗಳಿಗೆ ಮಾತು ಬರುತ್ತದೆ. ಬೆಳಕು ಸ್ತ್ರೀರೂಪ ತಾಳುತ್ತದೆ. ಆದರೆ ಇದಕ್ಕೊಂದು ಕಟ್ಟಳೆಯಿದೆ. ಈ ಯಾತ್ರೆಯ ಕೊನೆಯಲ್ಲಿ ಮಕ್ಕಳೊಡನೆ ಹೋದ ಆತ್ಮಗಳೆಲ್ಲ ಸಾಯಬೇಕು. ಬೆಕ್ಕು ಉದ್ದಕ್ಕೂ ಮಕ್ಕಳಿಗೆ ದ್ರೋಹ ಬಗೆಯುವುದು ಈ ಕಾರಣಕ್ಕೆ. ಬದುಕಿ ಉಳಿಯಬೇಕೆಂಬ ಪ್ರಾಣಿಯ ಆಸೆಯನ್ನು ದುಷ್ಟತನವೆನ್ನಬಹುದೇ ಎಂಬ ಪ್ರಶ್ನೆ ಮೂಲ ನಾಟಕದಲ್ಲಿ ಸಜೀವವಾಗಿದೆ. ಮುಂದಿನ ಚಿತ್ರಗಳಲ್ಲಿ ಬೆಕ್ಕು ಕ್ರಮೇಣ ಬರಿಯ ಖಳಪಾತ್ರವಾಗುತ್ತಾ ಹೋಯಿತು.

ಸ್ಮೃತಿಯ ನಾಡಿನಲ್ಲಿ ಮಕ್ಕಳು ತೀರಿಕೊಂಡ ಅಜ್ಜ ಅಜ್ಜಿಯರನ್ನು ಕಾಣುತ್ತಾರೆ. ಬದುಕಿರುವವರು ನೆನೆದಾಗಲೆಲ್ಲ ಆ ವೃದ್ಧರು ನಿದ್ದೆಯಿಂದೇಳುತ್ತಾರೆ. ಮರೆತಾಗ ಮತ್ತೆ ಮಲಗುತ್ತಾರೆ. ಶ್ರಾದ್ಧ ತರ್ಪಣಗಳ ನಾಡಿನವರಾದ ನಮಗೆ ಈ ಕಲ್ಪನೆ ಅಪರಿಚಿತವೆನಿಸುವುದಿಲ್ಲ. ಅಲ್ಲಿ ಹಿಡಿದ ಹಕ್ಕಿ ಹೊರಗೆ ತಂದೊಡನೆ ಕಪ್ಪಾಗುತ್ತದೆ. ರಾತ್ರಿಯ ಅರಮನೆಯಲ್ಲಿ ಹಿಡಿದ ಹಕ್ಕಿಗಳು ಬೆಳಕು ಸೋಕಿದೊಡನೆ ಸಾಯುತ್ತವೆ. ಭವಿಷ್ಯದ ರಾಜ್ಯದಿಂದ ತಂದದ್ದು ಕೆಂಪಾಗುತ್ತದೆ. ಸುಖವನ್ನು ಅದರ ಸ್ಥಾನದಿಂದ ಕಿತ್ತು ತಂದರೆ ಅದು ಅದಾಗಿ ಉಳಿಯದೆಂಬುದನ್ನು ನಾಟಕಕಾರ ಉಪದೇಶದ ಮಾತಿಲ್ಲದೆ ಬಣ್ಣಗಳಿಂದಲೇ ಹೇಳಿದ್ದಾನೆ.

ಎಲ್ಲಕ್ಕಿಂತ ತೀಕ್ಷ್ಣವಾದುದು ಕಾಡಿನ ದೃಶ್ಯ. ಟಿಲ್ಟಿಲನ ತಂದೆ ಮರಕಡಿಯುವವನು. ಕಾಡಿನ ಮರಗಳೂ ಪ್ರಾಣಿಗಳೂ ಸಭೆ ಸೇರಿ ಆ ಹುಡುಗನನ್ನು ವಿಚಾರಣೆಗೆ ಒಳಪಡಿಸುತ್ತವೆ. ಓಕ್ ವೃಕ್ಷವು ತನ್ನ ವಂಶದಲ್ಲಿ ಅವನ ತಂದೆಯ ಕೊಡಲಿಗೆ ಬಲಿಯಾದವರ ಲೆಕ್ಕವನ್ನು ನೂರುಗಳಲ್ಲಿ, ಸಾವಿರಗಳಲ್ಲಿ ಒಪ್ಪಿಸುತ್ತದೆ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳನ್ನು ಏಕೇಂದ್ರಿಯ ಜೀವಗಳೆಂದು ಎಣಿಸುವ ಜೈನ ತತ್ತ್ವದ ಪರಿಚಯವುಳ್ಳವರಿಗೆ ಈ ಅಂಕ ಓದುವಾಗ ಒಂದು ಕ್ಷಣ ತಡೆದು ನಿಲ್ಲುವಂತಾಗುತ್ತದೆ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು; ಮೇಟರ್‌ಲಿಂಕನ ಮರಗಳು ಪ್ರತೀಕಾರಕ್ಕೆ ಹಾತೊರೆಯುತ್ತವೆ, ಅವುಗಳ ಭಾಷೆ ನ್ಯಾಯಾಲಯದ್ದು. ಆದರೂ ಮಕ್ಕಳ ನಾಟಕವೊಂದರಲ್ಲಿ ಮನೆಯ ಒಲೆಯ ಬೆಚ್ಚನೆಯ ಸುಖಕ್ಕೆ ಎಷ್ಟು ಜೀವಗಳ ಬೆಲೆ ತೆರಲಾಗಿದೆಯೆಂದು ಕೇಳುವ ಧೈರ್ಯ ಸಾಮಾನ್ಯವಾದುದಲ್ಲ. ಮನೆಯಲ್ಲೇ ಸುಖವಿದೆಯೆಂದು ಅಷ್ಟು ಸುಲಭವಾಗಿ ಹೇಳಲು ಈ ದೃಶ್ಯ ಬಿಡುವುದಿಲ್ಲ.

ಕೊನೆಗೆ ಮಕ್ಕಳು ಎಚ್ಚರಗೊಂಡಾಗ ನೆರೆಮನೆಯ ಮುದುಕಿ ಬೆರ್ಲಿಂಗೊ ಬರುತ್ತಾಳೆ. ಅವಳ ಮಗಳಿಗೆ ಕಾಯಿಲೆ. ಟಿಲ್ಟಿಲ್ ತನ್ನ ಪಂಜರದ ಹಕ್ಕಿಯನ್ನು ಕೊಡಲು ಹೋದಾಗ ಅದು ನೀಲಿಯಾಗಿರುವುದನ್ನು ಕಾಣುತ್ತಾನೆ. ಹುಡುಗಿ ಎದ್ದು ನಡೆದಾಡುತ್ತಾಳೆ. ಹಕ್ಕಿಗೆ ಏನು ತಿನ್ನಿಸಬೇಕೆಂದು ಮಾತಾಡಿಕೊಳ್ಳುತ್ತಿರುವಾಗಲೇ ಅದು ಅವರ ಕೈಯಿಂದ ಹಾರಿಹೋಗುತ್ತದೆ. ಟಿಲ್ಟಿಲ್ ರಂಗದ ಮುಂದಕ್ಕೆ ಬಂದು, ಯಾರಿಗಾದರೂ ಅದು ಸಿಕ್ಕಿದರೆ ದಯವಿಟ್ಟು ಹಿಂದಿರುಗಿಸಿ, ಮುಂದೆ ನಮಗೆ ಬೇಕಾಗುತ್ತದೆ ಎಂಬರ್ಥದ ಮಾತನ್ನು ಪ್ರೇಕ್ಷಕರಿಗೆ ಹೇಳುತ್ತಾನೆ. ಅಲ್ಲಿಗೆ ತೆರೆ ಬೀಳುತ್ತದೆ. ಆ ಕೋರಿಕೆಯಲ್ಲಿ ‘ಮನೆ’ ಎಂಬ ಶಬ್ದವಿಲ್ಲ.

1909ರಲ್ಲಿ ಲಂಡನ್, 1910ರಲ್ಲಿ ನ್ಯೂಯಾರ್ಕ್, 1911ರಲ್ಲಿ ಪ್ಯಾರಿಸ್. ನಾಟಕ ಹೋದಲ್ಲೆಲ್ಲ ಗೆದ್ದಿತು. ಲಂಡನ್ನಿನಲ್ಲಿ ಇದನ್ನು ನೋಡಿದ ಮಾಲ್ಕಮ್ ಕ್ಯಾಂಪ್‌ಬೆಲ್ ತನ್ನ ಓಟದ ಕಾರಿಗೆ ನೀಲಿ ಬಣ್ಣ ಬಳಿಸಿ ಅದೇ ಹೆಸರಿಟ್ಟ. ಮುಂದೆ ವೇಗದ ದಾಖಲೆಗಳನ್ನು ಮುರಿದ ಅವನ ವಾಹನಗಳೆಲ್ಲ ಆ ಹೆಸರಿನವೇ. ಮನೆಯಲ್ಲೇ ಸುಖವಿದೆಯೆಂಬ ಕಥೆಯ ಹೆಸರನ್ನು ಹೊತ್ತು ಗಂಟೆಗೆ ನೂರಾರು ಮೈಲಿ ಓಡಿದ್ದು ತಮಾಷೆಯೆನಿಸಬಹುದು. ಆದರೆ ಹಾರಿಹೋದ ಹಕ್ಕಿಯ ಬೆನ್ನು ಹತ್ತಿದವನಿಗೆ ಅದೇ ಸರಿಯಾದ ಅರ್ಥವಾಗಿ ಕಂಡಿರಬೇಕು!

1910ರಲ್ಲೇ ಇಂಗ್ಲೆಂಡಿನಲ್ಲಿ ಒಂದು ಕಿರುಚಿತ್ರ ಬಂದಿತ್ತು. ಕಲಾಕೃತಿಯೆನ್ನಬಹುದಾದ ಮೊದಲ ಚಿತ್ರ 1918ರದು. ಅದರ ನಿರ್ದೇಶಕ ಮಾರಿಸ್ ಟೂರ್ನ್ಯೂರ್ ಫ್ರಾನ್ಸಿನಿಂದ ಅಮೆರಿಕಕ್ಕೆ ಹೋದವನು. ಯೌವನದಲ್ಲಿ ಶಿಲ್ಪಿ ರೋದ್ಯಾಂನ ಬಳಿ ಕೆಲಸ ಮಾಡಿದ್ದವನು. ಕಲಾನಿರ್ದೇಶನ ಬೆನ್ ಕಾರೆಯದು, ಛಾಯಾಗ್ರಹಣ ಜಾನ್ ವಾನ್ ಡೆನ್ ಬ್ರೂಕ್‌ನದು. ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಚಿತ್ರಿತವಾದ ಈ ಮೂಕಚಿತ್ರದಲ್ಲಿ ನೈಜತೆಯ ಸೋಗಿಲ್ಲ. ಬಣ್ಣದ ಪರದೆಗಳ ಮುಂದೆ ಕಪ್ಪು ನೆರಳಿನಾಕೃತಿಗಳು ಚಲಿಸುತ್ತವೆ. ನಮ್ಮ ತೊಗಲುಗೊಂಬೆಯಾಟದ ಪರದೆಯನ್ನು ನೋಡಿದವರಿಗೆ ಆ ಸೊಗಸು ಕೂಡಲೇ ತಿಳಿಯುತ್ತದೆ. ಮೂರು ಚಿತ್ರಗಳಲ್ಲಿ ಮೂಲದ ಕತ್ತಲೆಯನ್ನು ಅರಿತುಕೊಂಡದ್ದು ಇದೊಂದೇ ಎಂದು ನನ್ನ ಅಭಿಪ್ರಾಯ. ಛಾಯಾಗ್ರಾಹಕ ಅದೇ ವರ್ಷ ಟೂರ್ನ್ಯೂರನ ಇನ್ನೊಂದು ಚಿತ್ರಕ್ಕಾಗಿ ಕಡಲತೀರದಲ್ಲಿ ಚಿತ್ರೀಕರಿಸುತ್ತಿದ್ದಾಗ ಅಲೆಗಳಿಗೆ ಸಿಕ್ಕಿ ಮುಳುಗಿದ. 2004ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.

ಅದು ಬಿಡುಗಡೆಯಾದದ್ದು 1918ರ ಮಾರ್ಚ್ 31ರಂದು. ಹತ್ತು ದಿನಗಳ ಹಿಂದಷ್ಟೇ ಪಶ್ಚಿಮ ರಣರಂಗದಲ್ಲಿ ಜರ್ಮನ್ ಸೇನೆಯ ವಸಂತಕಾಲದ ಮಹಾದಾಳಿ ಆರಂಭವಾಗಿತ್ತು. ನಾಟಕಕಾರನ ಹುಟ್ಟೂರು ಗೆಂಟ್ 1914ರಿಂದಲೂ ಜರ್ಮನರ ವಶದಲ್ಲಿತ್ತು. ಲಕ್ಷಾಂತರ ಮನೆಗಳು ಬೂದಿಯಾಗಿದ್ದ ಆ ದಿನಗಳಲ್ಲೇ ಈ ಕಥೆಯ ಕೊನೆಯ ಮಾತು ಬದಲಾಯಿತು. ಚಿತ್ರದ ಟಿಲ್ಟಿಲ್ ಪ್ರೇಕ್ಷಕರತ್ತ ತಿರುಗಿ, ನೀಲಿ ಹಕ್ಕಿಯನ್ನು ನಿಮ್ಮ ನಿಮ್ಮ ಮನೆಗಳಲ್ಲಿ ಹುಡುಕಿರೆಂದು ಕೋರುತ್ತಾನೆ. ಹಿಂದಿರುಗಿಸಿರೆಂಬ ಬೇಡಿಕೆ ಹುಡುಕಿರೆಂಬ ಸಲಹೆಯಾಯಿತು. ಈ ಬದಲಾವಣೆ ಯಾರ ಲೇಖನಿಯದೇ ಆಗಿರಲಿ, ಕಾಲದ ಹಸಿವು ಅದರಲ್ಲಿ ಸ್ಪಷ್ಟವಾಗಿದೆ. ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿ ಕುಳಿತ ತಾಯಿಗೆ ಹಕ್ಕಿ ಹಾರಿಹೋಯಿತೆಂದು ಹೇಳಿ ಕಳುಹಿಸುವುದು ಯಾವ ಚಿತ್ರಮಂದಿರಕ್ಕೂ ಸಾಧ್ಯವಿರಲಿಲ್ಲ.

1940ರ ಚಿತ್ರದ ಹಿನ್ನೆಲೆ ಬೇರೆ. 1939ರಲ್ಲಿ ಎಂಜಿಎಂ ಸಂಸ್ಥೆಯ ‘ವಿಜರ್ಡ್ ಆಫ್ ಆಜ್’ ತೆರೆಕಂಡು ಬೆರಗು ಹುಟ್ಟಿಸಿತ್ತು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯ ಬಳಿ ಅಮೆರಿಕದ ಅತ್ಯಂತ ಜನಪ್ರಿಯ ಬಾಲತಾರೆ ಶರ್ಲಿ ಟೆಂಪಲ್ ಇದ್ದಳು. 1935ರಿಂದ 1938ರವರೆಗೆ ಗಲ್ಲಾಪೆಟ್ಟಿಗೆಯಲ್ಲಿ ಅವಳಿಗೆ ಸಮಾನರೇ ಇರಲಿಲ್ಲ. ವಾಲ್ಟರ್ ಲ್ಯಾಂಗ್ ನಿರ್ದೇಶನದಲ್ಲಿ ‘ನೀಲಿ ಹಕ್ಕಿ’ ಸಿದ್ಧವಾಯಿತು. ‘ಆಜ್’ನಂತೆಯೇ ಇಲ್ಲೂ ಎಚ್ಚರದ ಲೋಕವು ವರ್ಣರಹಿತವಾಗಿ ಆರಂಭವಾಗಿ ಕನಸು ಟೆಕ್ನಿಕಲರಿನಲ್ಲಿ ಅರಳುತ್ತದೆ. ಶರ್ಲಿ ನಾಯಕಿಯಾದ್ದರಿಂದ ಅಣ್ಣನ ಸ್ಥಾನ ತಂಗಿಗೆ ಬಂದಿತು: ಮಿಟಿಲ್ ಹಿರಿಯಳಾದಳು, ಟಿಲ್ಟಿಲ್ ಪುಟ್ಟ ತಮ್ಮನಾದ.

ಇದು ಹೊರಗಿನ ಬದಲಾವಣೆ. ಒಳಗಿನದು ಇನ್ನೂ ಗಹನವಾದುದು. ಚಿತ್ರದ ಮಿಟಿಲ್ ಸದಾ ಗೊಣಗುವ, ಸ್ವಾರ್ಥಿಯಾದ ಹುಡುಗಿ. ಅರಸನ ಕಾಡಿನಲ್ಲಿ ಅಪೂರ್ವವಾದ ಹಕ್ಕಿಯೊಂದನ್ನು ಹಿಡಿದು, ಕಾಯಿಲೆಯಿಂದ ಮಲಗಿದ ಗೆಳತಿ ಆ್ಯಂಜೆಲಾ ಬೇಡಿದರೂ ಕೊಡಲೊಲ್ಲಳು. ಅವಳ ಯಾತ್ರೆ ಈ ದೋಷದ ಪರಿಹಾರಕ್ಕಾಗಿ. ನಾಟಕದಲ್ಲಿ ಅತೃಪ್ತಿಯೇ ಇಲ್ಲದ ಮಕ್ಕಳು ಪರರಿಗಾಗಿ ಹೊರಟರು. ಚಿತ್ರದಲ್ಲಿ ಅತೃಪ್ತಳಾದವಳು ತೃಪ್ತಿಯ ಪಾಠ ಕಲಿಯಲು ಹೊರಡುತ್ತಾಳೆ. ಬಡವರ ಮಕ್ಕಳು ಇದ್ದುದರಲ್ಲೇ ತೃಪ್ತರಾಗಿರಬೇಕೆಂಬ ಉಪದೇಶ ಆರ್ಥಿಕ ಕುಸಿತದ ದಶಕವೊಂದನ್ನು ಕಳೆದಿದ್ದ ಅಮೆರಿಕಕ್ಕೆ ಹಿತವಾಗಿ ಕೇಳಿಸಿರಬಹುದು. ನನಗೆ ಮಾತ್ರ ಅದು ನಾಟಕಕ್ಕೆ ಮಾಡಿದ ಅನ್ಯಾಯವೆಂದೇ ತೋರುತ್ತದೆ. ಕಾಡಿನ ದೃಶ್ಯವೂ ಬದಲಾಯಿತು. ಬೆಕ್ಕಿನ ಕುತಂತ್ರದಿಂದ ಹುಟ್ಟುವ ಕಾಳ್ಗಿಚ್ಚು ಕಣ್ಣಿಗೆ ಅದ್ಭುತವಾಗಿದೆ. ಛಾಯಾಗ್ರಹಣ, ವಿಶೇಷ ಪರಿಣಾಮಗಳೆರಡಕ್ಕೂ ಆಸ್ಕರ್ ನಾಮನಿರ್ದೇಶನ ಬಂದವು. ಆದರೆ ಮನುಷ್ಯನ ಮೇಲಿನ ಮೊಕದ್ದಮೆಯ ಗಾಂಭೀರ್ಯ ಆ ಬೆಂಕಿಯ ವೈಭವದಲ್ಲಿ ಕರಗಿಹೋಯಿತು.

ಹಾಗೆಂದು ಇಡೀ ಚಿತ್ರವನ್ನು ತಳ್ಳಿಹಾಕುವಂತಿಲ್ಲ. ಇನ್ನೂ ಹುಟ್ಟದ ಮಕ್ಕಳ ಲೋಕದ ದೃಶ್ಯ ಇಂದಿಗೂ ಮನಸ್ಸನ್ನು ತಟ್ಟುತ್ತದೆ. ನೀಲಿಯ ವಿಸ್ತಾರದಲ್ಲಿ ಮಕ್ಕಳು ತಮ್ಮ ಸರದಿಗಾಗಿ ಕಾಯುತ್ತಿದ್ದಾರೆ. ಕಾಲಪುರುಷನು ಕರೆದವರು ಹಡಗನ್ನೇರಿ ಭೂಮಿಗೆ ಇಳಿಯಬೇಕು. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಹುಡುಗ ಹುಡುಗಿಯಲ್ಲಿ ಒಬ್ಬನಿಗೆ ಮಾತ್ರ ಕರೆ ಬರುತ್ತದೆ. ಮಿಟಿಲಳ ತಂಗಿಯಾಗಿ ಹುಟ್ಟಲಿರುವ ಪುಟ್ಟವಳು ತಾನು ಅವರೊಡನೆ ಬಹಳ ದಿನ ಇರಲಾರೆನೆಂಬುದನ್ನು ಮೊದಲೇ ಬಲ್ಲಳು. ನಾಟಕದಲ್ಲಿ ಅದು ತಮ್ಮ. ತಾನು ಭೂಮಿಗೆ ತರಲಿರುವ ಮೂರು ರೋಗಗಳ ಹೆಸರನ್ನೂ ಅವನು ಹೇಳುತ್ತಾನೆ. ಹುಟ್ಟುವ ಮುನ್ನವೇ ತನ್ನ ಆಯುಷ್ಯವನ್ನು ಅರಿತ ಮಗುವಿನ ಮುಖವನ್ನು ತೋರಿಸಲು ಹಾಲಿವುಡ್ ಹಿಂಜರಿಯಲಿಲ್ಲವೆಂಬುದು ಅದರ ಹಿರಿಮೆ.

ಈ ದೃಶ್ಯದ ನೆರಳಿನಲ್ಲಿಟ್ಟು ನೋಡಬೇಕಾದ ಘಟನೆಯೊಂದನ್ನು ಶರ್ಲಿ ಟೆಂಪಲ್ 1988ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ದಾಖಲಿಸಿದ್ದಾಳೆ. 1939ರ ಕ್ರಿಸ್‌ಮಸ್ ಸಮಯದಲ್ಲಿ ಅವಳು ಇದೇ ಕಥೆಯ ರೇಡಿಯೊ ರೂಪಾಂತರದಲ್ಲಿ ಪ್ರೇಕ್ಷಕರ ಮುಂದೆ ಹಾಡುತ್ತಿದ್ದಾಗ ಒಬ್ಬ ಮಹಿಳೆ ಎದ್ದು ಅವಳತ್ತ ಪಿಸ್ತೂಲು ಚಾಚಿದಳು. ಗುಂಡು ಹಾರುವ ಮೊದಲೇ ಅವಳನ್ನು ಹಿಡಿಯಲಾಯಿತು. ಆಕೆಯ ಹಸುಗೂಸು 1929ರಲ್ಲಿ, ಶರ್ಲಿಯ ಜನ್ಮದಿನವೆಂದು ಪ್ರಚಾರದಲ್ಲಿದ್ದ ದಿನವೇ ಹುಟ್ಟಿ ತೀರಿಕೊಂಡಿತ್ತು. ಆ ಕೂಸಿನ ಆತ್ಮವನ್ನು ಈ ಹುಡುಗಿ ಕದ್ದಿದ್ದಾಳೆಂದು ಆಕೆ ನಂಬಿದ್ದಳು. ವಾಸ್ತವವಾಗಿ ಶರ್ಲಿ ಹುಟ್ಟಿದ್ದು 1928ರ ಏಪ್ರಿಲ್ 23ರಂದು. ಅವಳ ವಯಸ್ಸನ್ನು ಒಂದು ವರ್ಷ ಕಡಿಮೆ ಮಾಡಿ ಪ್ರಚಾರ ಮಾಡಿದ್ದು ಚಿತ್ರಸಂಸ್ಥೆ. ಕೆಲವೇ ಗಳಿಗೆ ಬದುಕುವ ಕೂಸಿನ ಕಥೆಯನ್ನು ಒಳಗೊಂಡ ಕೃತಿಯ ಪ್ರಸಾರದಲ್ಲೇ, ಅಂಥದೇ ಕೂಸಿನ ತಾಯಿ ಸಭೆಯಲ್ಲಿ ಎದ್ದುನಿಂತದ್ದನ್ನು ಕಾಕತಾಳೀಯವೆನ್ನದೆ ಬೇರೇನೆನ್ನುವುದು? ಆ ತಾಯಿಯ ದುಃಖದ ಬಗ್ಗೆ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚಿನ ಸಾಲುಗಳಿಲ್ಲ.

ಚಿತ್ರ 1940ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಿತು. ಅಷ್ಟರಲ್ಲಿ ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ನಾಲ್ಕು ತಿಂಗಳಾಗಿತ್ತು. ಚಿತ್ರಕಥೆಯಲ್ಲೂ ಯುದ್ಧವಿದೆ, ನಾಟಕದಲ್ಲಿಲ್ಲದ ಯುದ್ಧ. ಮಕ್ಕಳ ತಂದೆಗೆ ಸೇನೆಗೆ ಸೇರಲು ಕರೆ ಬಂದಿರುತ್ತದೆ. ಕನಸಿನಿಂದ ಎದ್ದ ಮುಂಜಾನೆ ಕದನವಿರಾಮದ ವಾರ್ತೆ ಬಂದು ಅವನು ಮನೆಯಲ್ಲೇ ಉಳಿಯುತ್ತಾನೆ. ಹಕ್ಕಿಯೇನೋ ಇಲ್ಲೂ ಹಾರಿಹೋಗುತ್ತದೆ. ಆದರೆ ಅದನ್ನು ಮತ್ತೆ ಹುಡುಕುವ ಬಗೆ ತನಗೀಗ ತಿಳಿದಿದೆಯೆಂದು ಮಿಟಿಲ್ ಧೈರ್ಯ ಹೇಳುತ್ತಾಳೆ. ಚಿತ್ರ ಹಣ ತರಲಿಲ್ಲ. ಆ ವರ್ಷವೇ ಶರ್ಲಿ ಫಾಕ್ಸ್ ಸಂಸ್ಥೆಯನ್ನು ಬಿಟ್ಟಳು. ಗೊಣಗುವ ಶರ್ಲಿಯನ್ನು ಜನ ಒಪ್ಪಲಿಲ್ಲವೆಂದು ಕಾರಣ ಹೇಳುವವರಿದ್ದಾರೆ. ಹುಡುಗಿ ಬೆಳೆದಿದ್ದಳೆಂಬುದೇ ಸರಳವಾದ ಕಾರಣವಿರಬೇಕು.

ತೆರೆಯ ಮೇಲೆ ಕದನವಿರಾಮ ಬಂದಿತು, ಹೊರಗೆ ಬರಲಿಲ್ಲ. 1940ರ ಮೇ 10ರಂದು ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಮೇಟರ್‌ಲಿಂಕನಿಗೆ ಆಗ 77 ವರ್ಷ. ಮೊದಲ ಯುದ್ಧದ ಕಾಲದ ಜರ್ಮನ್ ಆಕ್ರಮಣವನ್ನು ಕುರಿತು ‘ಸ್ಟಿಲ್‌ಮಾಂಡಿನ ನಗರಾಧ್ಯಕ್ಷ’ ಎಂಬ ನಾಟಕವನ್ನು ಬರೆದಿದ್ದ ಅವನು, ಅವರ ಕೈಗೆ ಸಿಕ್ಕರೆ ತನಗೆ ಉಳಿಗಾಲವಿಲ್ಲವೆಂದು ಬಲ್ಲವನಾಗಿದ್ದ. ಲಿಸ್ಬನ್ನಿಗೆ ಓಡಿ, ಅಲ್ಲಿಂದ ಗ್ರೀಕ್ ಹಡಗೊಂದನ್ನು ಹಿಡಿದು, ಜುಲೈ ತಿಂಗಳಲ್ಲಿ ನಿರಾಶ್ರಿತನಾಗಿ ನ್ಯೂಯಾರ್ಕಿನಲ್ಲಿ ಇಳಿದ. ಇಪ್ಪತ್ತು ವರ್ಷಗಳ ಹಿಂದೆ, 1919ರ ಡಿಸೆಂಬರಿನಲ್ಲಿ, ಇದೇ ನಗರದ ಮೆಟ್ರೊಪಾಲಿಟನ್ ಒಪೇರಾದಲ್ಲಿ ಆಲ್ಬರ್ಟ್ ವೋಲ್ಫ್ ರಚಿಸಿದ ‘ನೀಲಿ ಹಕ್ಕಿ’ ಸಂಗೀತರೂಪಕದ ಮೊದಲ ಪ್ರಯೋಗಕ್ಕೆ ಅವನು ಗೌರವದ ಅತಿಥಿಯಾಗಿ ಬಂದಿದ್ದ. ಸುಖ ಮನೆಯಲ್ಲೇ ಇದೆಯೆಂಬ ಚಿತ್ರ ಆ ವರ್ಷದ ಆರಂಭದಲ್ಲಿ ತೆರೆಕಂಡಿದ್ದ ನಗರಕ್ಕೆ ಆ ಕಥೆಯ ಕರ್ತೃ ಮನೆ ಕಳೆದುಕೊಂಡು ಬಂದ.

ಮೂರನೆಯ ಚಿತ್ರದ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. 1976ರಲ್ಲಿ ಬಂದ ಅದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಜಂಟಿಯಾಗಿ ನಿರ್ಮಿಸಿದ ಮೊದಲ ಕಥಾಚಿತ್ರ. ನಾಟಕ ಮೊದಲು ರಂಗವೇರಿದ ದೇಶಕ್ಕೇ ಚಿತ್ರವೂ ಮರಳಿತ್ತು. ನಿರ್ದೇಶಕ ಜಾರ್ಜ್ ಕ್ಯೂಕರ್ ಹಿಂದೊಮ್ಮೆ ‘ವಿಜರ್ಡ್ ಆಫ್ ಆಜ್’ನ ಆರಂಭದಲ್ಲಿ ಕೆಲವು ದಿನ ಕೈಹಾಕಿದ್ದವನು. ಎಲಿಜಬೆತ್ ಟೇಲರ್ ತಾಯಿ, ಮಾಯಾವಿನಿ, ಬೆಳಕು ಮೊದಲಾದ ಪಾತ್ರಗಳನ್ನು ತಾನೊಬ್ಬಳೇ ವಹಿಸಿದಳು. ಜೇನ್ ಫಾಂಡಾ ರಾತ್ರಿಯಾದಳು. ಆವಾ ಗಾರ್ಡ್ನರ್ ಭೋಗವಾದಳು. ಬ್ಯಾಲೆ ನರ್ತಕಿ ನದೆಜ್ದಾ ಪಾವ್ಲೋವಾ ಹಕ್ಕಿಯಾದಳು. ಲೆನಿನ್‌ಗ್ರಾಡಿನಲ್ಲಿ ಚಿತ್ರೀಕರಣ ಕುಂಟುತ್ತಾ ಸಾಗಿತು. ಎರಡು ಮಹಾರಾಷ್ಟ್ರಗಳ ಸ್ನೇಹವನ್ನು ಸಾರಬೇಕಾಗಿದ್ದ ಚಿತ್ರದಲ್ಲಿ ಎಲ್ಲರೂ ಅತಿಥಿಗಳಂತೆ ನಿಂತಿದ್ದಾರೆ, ಮನೆಯವರು ಯಾರೂ ಕಾಣಿಸುವುದಿಲ್ಲ. ಅದಕ್ಕಿಂತ ಆರು ವರ್ಷ ಮೊದಲು ರಷ್ಯದಲ್ಲೇ ವಾಸಿಲಿ ಲಿವಾನೊವ್ ಮಾಡಿದ್ದ ‘ನೀಲಿ ಹಕ್ಕಿ’ ಎಂಬ ಚಲನಚಿತ್ರಿಕೆ ಇಷ್ಟೊಂದು ತಾರೆಯರಿಲ್ಲದೆಯೇ ಬಂದಿತ್ತು.

ಆ ಹೊತ್ತಿಗೆ ಶರ್ಲಿ ಟೆಂಪಲ್ ಘಾನಾ ದೇಶದಲ್ಲಿ ಅಮೆರಿಕದ ರಾಯಭಾರಿಯಾಗಿ ಕೆಲಸ ಮಾಡಿದ್ದಳು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಪ್ರವೇಶಿಸಿದಾಗ ಅವಳು ಅಲ್ಲಿಯೇ ಇದ್ದಳು. 1989ರಲ್ಲಿ ಅದೇ ನಗರಕ್ಕೆ ರಾಯಭಾರಿಯಾಗಿ ಹೋಗಿ ಆ ಆಳ್ವಿಕೆ ಕುಸಿಯುವುದನ್ನೂ ಕಂಡಳು. ಮೇಟರ್‌ಲಿಂಕ್ ಯುದ್ಧ ಮುಗಿದ ಮೇಲೆ, 1947ರಲ್ಲಿ, ಫ್ರಾನ್ಸಿನ ನೀಸ್ ನಗರಕ್ಕೆ ಹಿಂದಿರುಗಿ 1949ರ ಮೇ 6ರಂದು ಅಲ್ಲಿಯೇ ತೀರಿಕೊಂಡ. ಅವನ ಪುಸ್ತಕದ ಕೊನೆಯ ಪುಟದಲ್ಲಿ ಆ ಹುಡುಗ ಈಗಲೂ ರಂಗದ ಅಂಚಿಗೆ ಬಂದು, ಹಕ್ಕಿ ಯಾರಿಗಾದರೂ ಸಿಕ್ಕಿತೇ ಎಂಬಂತೆ ಪ್ರೇಕ್ಷಕರತ್ತ ನೋಡುತ್ತಾ ನಿಂತಿದ್ದಾನೆ.